ನಾಳೆ ಬೋಳಿಸುವ ಗುಂಗುರು

ಬಸ್ಸಿಗೆ ಕಾಯುತ್ತಾ ಕೂತ ನನ್ನ ಪಕ್ಕ ನಮ್ಮೂರಿನ ಇಬ್ಬರು ಅಜ್ಜಿಯರು. ಓಕ್‌ಬುನ್ ಅಜ್ಜಿಯ ತಲೆಯಿಂದ, ನಮ್ಮಜ್ಜಿ ಕಥೆಯ ಹುಲಿಯೂ ಓಡಿಹೋಗುವಂಥ, ಕೂದಲು ಗುಂಗುರು ಮಾಡುವ ಪರ್ಮ್ ಮದ್ದಿನ ಘಾಟು. ಮಾಲ್‌ಸುನ್ ಅಜ್ಜಿ ಮೂಗು ಮುಚ್ಚಿಕೊಂಡೇ ಜಗಳ ತೆಗೆದರು.

"ನಾಳೆ ಸಿಯೋಲ್ ಧರಣಿಲಿ ಪ್ರತಿಭಟನೆಗೆ ಅಂತ ಎಲ್ಲರೆದುರು ತಲೆ ಬೋಳಿಸ್ಕೊಳ್ಳೋಳು, ಇವತ್ತು ಗುಂಗುರು ಮಾಡಿಸ್ಕೊಂಡಿದ್ದೀಯಲ್ಲೇ! ಬುದ್ಧಿ ನೆಟ್ಟಗಿದೆಯಾ?"

"ನಂದು ಇರೋದೇ ನಾಲ್ಕೆಳೆ ಅಕ್ಕಾ. ಹಾಗೇ ಬೋಳಿಸಿದ್ರೆ ಯಾರಿಗೆ ಕಾಣುತ್ತೆ? ಗುಂಗುರಾದ್ರೆ ಬುಟ್ಟಿ ತುಂಬ ಬೀಳುತ್ತೆ."

"ಅದನ್ನ ನೋಡಿ ಕರೆಂಟ್ ಕಂಪನಿಯೋರು ಹೆದರಿಬಿಡ್ತಾರಾ?"

"ಹೆದರದಿದ್ರೆ ನನ್ನ ಪರ್ಸಿಮನ್ ಹಣ್ಣಿನ ತೋಟದ ಮಧ್ಯೆನೇ ಕರೆಂಟ್ ತಂತಿ ಗೋಪುರ ಏಳುತ್ತೆ. ಆಮೇಲೆ ನಿನ್ನ ತೋಟ. ಫಿಲಿಪ್ಪೀನ್ಸ್‌ನಲ್ಲಿ ಅಣೆಕಟ್ಟನ್ನೇ ನಿಲ್ಲಿಸಿದ ಹೆಂಗಸರು ನಮ್ಮ ಜೊತೆ ಕೂರೋಕೆ ಬರ್ತಿದ್ದಾರೆ. ಅವರೆದುರು ನಾಲ್ಕೆಳೆ ಉದುರಿಸ್ಲಾ?"

"ಅಬ್ಬಾ, ಏನು ಶೋಕಿ!"

"ಮೊಮ್ಮಗಳ ಮದುವೆ ಫೋಟೋ ಹಾಳಾಗುತ್ತೆ ಅಂತ ಬೋಳಿಸ್ಕೊಳ್ಳೋದ್ರಿಂದ ತಪ್ಪಿಸ್ಕೊಂಡೋಳು ನೀನು. ಬಾಯಿ ಮುಚ್ಚು."

ಬಸ್ಸು ಬಂತು. ಮಾಲ್‌ಸುನ್ ಅಜ್ಜಿ ಏಳಲಿಲ್ಲ. ಟೋಪಿ ತೆಗೆದು, ತಮ್ಮ ದಟ್ಟ ಬಿಳಿಗೂದಲನ್ನು ಒಮ್ಮೆ ಸವರಿಕೊಂಡರು.

"ಆ ಪರ್ಮ್ ಅಂಗಡಿ ಇನ್ನೂ ತೆಗೆದಿರುತ್ತಾ?"

"ಯಾಕೆ?"

"ನನ್ನದು ಎರಡು ಬುಟ್ಟಿ ಬೀಳುತ್ತೆ. ನಡಿ, ತೋರಿಸ್ತೀನಿ."

ಅವರನ್ನೇ ನೋಡುತ್ತಾ ನಾನೂ ಹತ್ತುವುದನ್ನು ಮರೆತೆ; ಬಸ್ಸು ಖಾಲಿಯೇ ಹೊರಟಿತು. ಇಬ್ಬರೂ ಸಂತೆಬೀದಿಯತ್ತ ಬೈದಾಡಿಕೊಂಡೇ ನಡೆದರು.