ಕೈ ಮಗುಚಿ ನೋಡಿದವರು

ಹೋದ ವಾರ ನಮ್ಮನ್ನಗಲಿದ ಪಟ್ಟಿ ಅಕ್ಕನ ಪತಿಯವರೇ, ಅವರ ಮುದ್ದಿನ ಮಗಳೇ, ಪ್ರಯೋಗಾಲಯದ ಗೆಳೆಯರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ನನ್ನ ಕಿರಿಯ ವೈದ್ಯರೇ — ಎಲ್ಲರಿಗೂ ನಮಸ್ಕಾರ. ಮುಂದೆ ಕುರ್ಚಿಗಳಿವೆ, ಬನ್ನಿ ಮಕ್ಕಳೇ. ಇವತ್ತು ನಾನು ಯಾರನ್ನೂ ಪ್ರಶ್ನೆ ಕೇಳುವುದಿಲ್ಲ.

ಪಟ್ಟಿ ಅಕ್ಕ ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಆದರೂ ನನಗೂ ಅಕ್ಕನೇ. ನಮ್ಮ ದೇಹದ ಮೇಲೆಯೇ ತಿರುಗಿಬೀಳುವ ಪ್ರತಿಕಾಯಗಳನ್ನು ಒಂದು ಬಿಳಿಯ ಪಟ್ಟಿಯ ಮೇಲೆ ಪತ್ತೆ ಹಚ್ಚುತ್ತಾರಲ್ಲ — ಒಂದೊಂದಕ್ಕೆ ಒಂದೊಂದು ಗೆರೆ — ಇಪ್ಪತ್ತಾರು ವರ್ಷ ಆ ಗೆರೆಗಳನ್ನು ಓದಿದವರು, ಅದಕ್ಕೇ ಪಟ್ಟಿ ಅಕ್ಕ. ಗೆರೆ ಓದಿ ಬರೆದಿಡುವುದು, ವಾರ್ಡಿಗೆ ಬಂದು ರೋಗಿಯ ಕೈ ನೋಡುವುದು, ಆಮೇಲೆಯೇ ವರದಿಗೆ ಸಹಿ. ಯಾವ ನಿಯಮದಲ್ಲೂ ಇರದ ಪದ್ಧತಿ! ನಿನ್ನೆ ಅವರ ಪತಿ ನಗುತ್ತಾ ಹೇಳಿದರು: "ಮೊದಲ ಸಲ ಭೇಟಿಯಾದಾಗ ಅವಳು ನನ್ನ ಮುಖ ನೋಡಲಿಲ್ಲ ಸರ್, ಬೆರಳ ಗೆಣ್ಣು ನೋಡಿದ್ಲು. ಪಾಸಾದೆ."

ಆರು ವರ್ಷದ ಹಿಂದೆ ಒಬ್ಬ ಟೈಲರಮ್ಮ ಬಂದರು. ಕಣ್ಣಿನ ರೆಪ್ಪೆ ನೇರಳೆಗೆ ತಿರುಗಿ ಊದಿತ್ತು. ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ. ಸ್ನಾಯುಗಳನ್ನು ಕಾಡುವ ರೋಗವೊಂದು ಚರ್ಮದ ಮೇಲೆ ಹೀಗೇ ಸುಳಿವು ಕೊಡುತ್ತದೆ. ಆದರೆ ತೋಳಿನಲ್ಲಿ ಬಲವಿತ್ತು, ಸ್ನಾಯುವಿನ ರಕ್ತಪರೀಕ್ಷೆಯೂ ಸರಿಯಿತ್ತು. ಪಟ್ಟಿಯಲ್ಲಿ ಮಾತ್ರ ಒಂದು ಮಸುಕು ಗೆರೆ. ಆ ಗೆರೆ ನಿಜವಿರಬಹುದೇ ಎಂದು ನನ್ನ ಕಿರಿಯ ವೈದ್ಯೆ ಅನುಮಾನದಿಂದ ಕೇಳಿದಳು. ನಾನು ಹೇಳಿದೆ — ನಾನೇ ಹೇಳಿದೆ — "ಅದನ್ನು ಲೆಕ್ಕಕ್ಕೆ ತಗೋಬೇಡ. ಮುಲಾಮು ಕೊಟ್ಟು ಕಳಿಸು."

ಅಷ್ಟರಲ್ಲಿ ಅಕ್ಕ ಬಂದರು. ನಾವೆಲ್ಲ ಗೆಣ್ಣು ನೋಡಿದ್ದೆವು. ಅವರು ಕೈ ಮಗುಚಿದರು — ಹೀಗೆ. ಬೆರಳಿನ ಒಳಮಡಿಕೆಗಳಲ್ಲಿ ಸಣ್ಣ ಸಣ್ಣ ಹುಣ್ಣು.

"ಸೂಜಿ ಚುಚ್ಚಿದ್ದು ಮೇಡಂ, ನಮ್ಮ ಕಸುಬೇ ಹಾಗೆ."

"ತುದಿ ಬಿಟ್ಟು ಮಡಿಕೆಗೇ ಚುಚ್ಕೊಳ್ಳೋ ಟೈಲರ್ ಹತ್ರ ನಾನಂತೂ ಬಟ್ಟೆ ಹೊಲಿಸಲ್ಲಮ್ಮ!" ಎಂದು ನನ್ನ ಕಡೆ ತಿರುಗಿದರು. "ಸರ್, ಗೆರೆ ಮಸುಕಾಗಿರಬಹುದು, ಈ ಹುಣ್ಣು ಮಸುಕಾಗಿಲ್ಲ. ಇದು ಸ್ನಾಯುವನ್ನ ಬಿಟ್ಟು ಶ್ವಾಸಕೋಶಕ್ಕೆ ಕೈ ಹಾಕೋ ಜಾತಿ. ಮೆಷಿನ್ ತುಳಿಯುವಾಗ ಏದುಸಿರು ಬರುತ್ತಾ ಅಂತ ಕೇಳಿದ್ರಾ?"

ಕೇಳಿರಲಿಲ್ಲ.

ಕೇಳಿದೆವು. "ಬರುತ್ತೆ. ವಯಸ್ಸಾಯ್ತು ಅಂದ್ಕೊಂಡೆ," ಎಂದರು ಆಕೆ. ಅಂದೇ ಸ್ಕ್ಯಾನ್ — ಶ್ವಾಸಕೋಶದ ಕೆಳಭಾಗದಲ್ಲಿ ಮಬ್ಬು. ಅಂದೇ ಚಿಕಿತ್ಸೆ. ಮುಲಾಮು ಹಿಡಿದು ಮನೆಗೆ ಹೋಗಿದ್ದರೆ, ಮರಳಿ ಬರುವಷ್ಟು ಉಸಿರು ಉಳಿಯುತ್ತಿತ್ತೋ ಇಲ್ಲವೋ.

ಸಂಜೆ ಕ್ಷಮೆ ಕೇಳಲು ಪ್ರಯೋಗಾಲಯಕ್ಕೆ ಹೋದೆ. "ನನಗ್ಯಾಕೆ ಸರ್? ಆ ಹುಡುಗಿಗೆ ಹೇಳಿ. ತಪ್ಪೆಲ್ಲ ತನ್ನದೇ ಅಂತ ಮುಖ ಸಣ್ಣದು ಮಾಡ್ಕೊಂಡು ಕೂತಿದಾಳೆ," ಎಂದರು. ಹೋಗಿ ಹೇಳಿದೆ. ಆ ಹುಡುಗಿ ಇಂದು ತನ್ನ ಕಿರಿಯರಿಗೆ ಪಾಠ ಮಾಡುತ್ತಾಳೆ. ನನಗಿಂತ ಚೆನ್ನಾಗಿ ಮಾಡುತ್ತಾಳೆ. ಮಕ್ಕಳೇ, ಹಿರಿಯರು ಬೇಡವೆಂದ ಅನುಮಾನವನ್ನೂ ಇನ್ನೊಮ್ಮೆ ಕೇಳಿ — ನನ್ನನ್ನೂ ಕೇಳಿ.

ಈ ಸಭಾಂಗಣ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆ. ಟೈಲರಮ್ಮ ನನ್ನ ಜೊತೆಯೇ ಹತ್ತಿ ಬಂದರು — ಅಗೋ, ಎರಡನೇ ಸಾಲು. ದಾರಿಯುದ್ದಕ್ಕೂ ಮಾತಾಡಿದ್ದು ಅವರು. ಏದುಸಿರು ಬಿಟ್ಟಿದ್ದು ನಾನು.

ಈಗ ಎಲ್ಲರೂ ಎದ್ದು ನಿಲ್ಲೋಣ. ಒಂದು ನಿಮಿಷ ಮಾತು ಬೇಡ. ಆದರೆ ಉಸಿರು ಬಿಗಿಹಿಡಿಯಬೇಡಿ, ನಿಧಾನವಾಗಿ ಎಳೆದು ಬಿಡಿ — ನಮ್ಮ ಅಕ್ಕ ಹಟ ಹಿಡಿದು ಉಳಿಸಿದ್ದು ಅದನ್ನೇ.