ಗಿಲಾವ ಕಾಣದ ಗೋಡೆ

ಪುರಸಭೆ ಕಚೇರಿಯ ವರಾಂಡದಲ್ಲಿ ಊರಿನ ಹೊಸ ಮಾಸ್ಟರ್ ಪ್ಲಾನಿನ ನಕ್ಷೆ ತೂಗುಹಾಕಿದ್ದರು. ನಾನು ನೀರಿನ ಬಿಲ್ಲಿನ ಸಾಲಿನಲ್ಲಿದ್ದೆ. ಪಕ್ಕದಲ್ಲೇ ಗಂಡ ಹೆಂಡತಿ ಇಬ್ಬರು ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದರು.

"ಇದ ನೋಡು, ನಮ್ಮ ಪ್ಯಾಟಿ ಓಣಿ. ಈ ಸಲ ರಸ್ತಾ ಅಗಲ ಮಾಡೂದು ಕೈಬಿಟ್ಟಾರ. ನಮ್ಮ ಮನಿ ಉಳೀತು, ದಾಕ್ಷಾಯಿಣಿ."

"ಏನ್ ಉಳೀತ್ರಿ? ಹಳೇ ಪ್ಲಾನಿನಾಗ ರಸ್ತಾ ಬರತೈತಿ ಅಂತ ಮದುವ್ಯಾದಾಗಿಂದ ಮುಂದಿನ ಗ್ವಾಡಿಗೆ ಗಿಲಾವ ಮಾಡಿಸಲಿಲ್ಲ ನೀವು."

"ಒಡಿಯೂ ಗ್ವಾಡಿಗೆ ಯಾರ ಸಿಮೆಂಟ್ ಹಚ್ಚತಾರ?"

"ರಸ್ತಾ ಬರಲೇ ಇಲ್ಲ. ಕಲ್ಲೋಳಿಯ ಗಂಡಿನವ್ರು ನಮ್ಮ ಮಗಳು ಸುಜಾತಾನ್ನ ನೋಡಾಕ ಬಂದಾಗ ಹಿತ್ತಲ ಬಾಗಲದಿಂದ ಒಳಗ ಕರಕೊಂಡ್ವಿ. ನಾಚಿಕಿ ಆಗಿ ಸತ್ತಹೋದೆ ನಾ."

"ಇವತ್ತ ಒಡೀತೀವಿ, ನಾಳೆ ಒಡೀತೀವಿ ಅಂತ ಇವ್ರ ಹೇಳ್ಕೋತ ಬಂದ್ರು. ನಾ ಏನ್ ಮಾಡ್ಲಿ?"

"ಕೆಳಗ ಅದೇನ ಬರದಾರ, ಓದ್ರಿ."

"ಪ್ಯಾಟಿ ಚಂದ ಕಾಣಬೇಕಂತ. ಹಾಳಬಿದ್ದ ಗ್ವಾಡಿಯವ್ರಿಗೆ ನೋಟೀಸ್ ಕೊಡತಾರಂತ."

"ಹಾಳ ಮಾಡಿದವ್ರು ಯಾರಂತ ಬರದಾರೇನು?"

ಗಂಡ ನಕ್ಷೆಯಲ್ಲಿ ತಮ್ಮ ಓಣಿಯ ಮೇಲೆ ಮತ್ತೆ ಬೆರಳಿಟ್ಟ.

"ಗೌಂಡಿಗೆ ಫೋನ್ ಹಚ್ರಿ. ನಾಳೆನ ಗಿಲಾವ ಆಗಬೇಕು."

"ತಡಿ ಸ್ವಲ್ಪ. ಇದು ಬರೇ ಕರಡು. ಪಕ್ಕಾ ಆಗೂದ್ರಾಗ ಮತ್ತ ರಸ್ತಾ ಬಂದ್ರ?"

ದಾಕ್ಷಾಯಿಣಿ ಗಂಡನ ಕಿಸೆಗೆ ಕೈಹಾಕಿ ಫೋನ್ ತೆಗೆದಳು. ಮೆಟ್ಟಿಲಿಳಿಯುತ್ತಲೇ ಮಾತು ಶುರುವಾಯಿತು.

"ಭರಮಣ್ಣ, ನಾಳೆ ಮುಂಜಾನೆ ಬಾರಪ್ಪಾ. ಹೂಂ, ಮುಂದಿನ ಗ್ವಾಡಿ. ಒಡಿಯೂವ್ರು ಒಡೀಲಿ, ಗಿಲಾವ ಆದ ಮ್ಯಾಲ ಒಡೀಲಿ."