ತೊಂಬತ್ತ್ನಾಕು ಮೀಟರ್

ಜರಾ ಸಣ್ಣ ದನೀಲೆ ಮಾತಾಡ್ರಿ, ಒಳಗ ಮಕ್ಕಳು ಮಲಗ್ಯಾವ. ಇದು ಯಾರೋ ಹೇಳಿದ್ದು ಯಾರೋ ಕೇಳಿದ್ದಲ್ಲ. ನಮ್ಮ ಕಾಕಾನ ಮಗ ಸಂಘರತ್ನಗ ಆಗಿದ್ದು. ಊರ ಹೆಸರು ಕೇಳಬ್ಯಾಡ್ರಿ. ಹುಮನಾಬಾದಿಂದ ಬಸವಕಲ್ಯಾಣಕ್ಕ ಹೋಗೂ ದಾರ್ಯಾಗ ಅದ, ಅಷ್ಟು ಸಾಕು.

ಅವತ್ತು ರಾತ್ರಿ ಹತ್ತೂವರಿ. ಹುಮನಾಬಾದಿಂದ ಬರೂ ಕಡೀ ಬಸ್ಸು ಅವನ್ನ ಕ್ರಾಸಿಗಿ ಇಳಿಸಿ ಹೋತು. ಬಗಲಾಗ ಸುತ್ತಿದ ಒಂದು ದೊಡ್ಡ ಕಾಗದ. ಕ್ರಾಸಿಂದ ನಮ್ಮ ಓಣಿಗಿ ಹತ್ತರದ ದಾರಿ ಅಂದ್ರ ಸಾಲಿ ಬಯಲು. ರೋಡಿಗಿ ಹೊಂದಿ ಹೊಸ ಕಟ್ಟಡ, ನಡುವ ಆಲದ ಗಿಡದ ಬುಡಕ ಹಾಳ ಬಾಂವಿ, ಆ ಕಡಿ ತುದಿಗಿ ಹಳೇ ಖೋಲಿ ಒಂದೇ. ರಾತ್ರಿ ಆ ಬಾಂವಿ ಹಾದು ಯಾರೂ ಬರಂಗಿಲ್ಲ. ಖರೆ ಅವ ಬಂದ, ಮನ್ಯಾಗ ರೊಟ್ಟಿ ಆರಾಕತ್ತಿದ್ವು.

ಆ ಕಾಗದದ್ದು ಮೊದಲ ಹೇಳ್ತೀನಿ.

ಸಂಘರತ್ನ ಆ ಸಾಲ್ಯಾಗ ಕಂಪ್ಯೂಟರ್ ಕಲಸಾಂವ. ಖಾಯಂ ಅಲ್ಲ, ವರ್ಷಾ ಜೂನಿಗಿ ಹೊಸಾ ಹುಕುಂ. ಯಾವುದೋ ಟ್ರಸ್ಟಿನವರು ಸಾಲಿಗಿ ಕಂಪ್ಯೂಟರ್ ಕೊಡ್ತೀವಿ ಅಂದಿದ್ರು. ಖೋಲಿಗೊಂದು. ಹೊಸ ಕಟ್ಟಡದಾಗ ಇಂಟರ್ನೆಟ್ಟಿನ ಒಂದು ಡಬ್ಬಿ ಇಟ್ಟು, ಅದರಿಂದ ಖೋಲಿ ಖೋಲಿಗಿ ವೈರ್ ಎಳೀಬೇಕು. ಯಾವ ಖೋಲಿಗಿ ಎಷ್ಟು ಮೀಟರ್ ಅಂತ ನಕ್ಷಾ ತಗದು ಕೊಡಬೇಕು. ಆ ವೈರ್ ನೂರು ಮೀಟರ್ ತನಕ ಬರೋಬರ್ ನಡೀತದ, ಅದರ ಮ್ಯಾಲ ಭರವಸಿ ಇಲ್ಲ. ನೂರು ದಾಟಿದ ಖೋಲಿಗಿ ವೈರ್ ಇಲ್ಲ, ಅದರ ಕಂಪ್ಯೂಟರ್ ಸಾಲ್ಯಾಗ ಬ್ಯಾರೆ ಕಡಿ ಇಟಗೋರಿ ಅಂತ ಟ್ರಸ್ಟಿನವರು ಮೊದಲೇ ಬರದುಕೊಟ್ಟಿದ್ರು.

ಸಂಘರತ್ನ ತಾನೇ ಟೇಪ್ ಹಿಡದು ಅಳದ. ಹಳೇ ಖೋಲಿ ಬಾಗಲಕ್ಕ ತೊಂಬತ್ತ್ನಾಕು.

ಹೆಡ್ ಮಾಸ್ತರ್ ಅಂಬರೀಷ ಸರ್ ನಕ್ಷಾ ನೋಡಿ ಅಂದ್ರು, "ಆ ಖೋಲಿಗಿ ಯಾಕೋ?"

"ಅಲ್ಲೂ ಮಕ್ಕಳವ ಅಲ್ರಿ ಸರ್."

"ಅವು ಕೂಲಿ ಮಂದಿ ಮಕ್ಕಳು. ನಾಳಿ ಕಬ್ಬ ಕಡಿಯಾಕ ಹೋಗೂವು. ಆ ಕಂಪ್ಯೂಟರ್ ನನ್ನ ಆಫೀಸಿಗಿ ಇರ್ಲಿ."

"ಟ್ರಸ್ಟಿನವರು ಕೇಳಿದ್ರರಿ?"

"ನೂರಾ ಹನ್ನೆರಡು ಅಂತ ಬರಿ. ಅಳ್ಯಾಕ ಯಾರ ಬರ್ತಾರ?"

ಬರದ. ನಮ್ಮ ಸಂಘರತ್ನನೇ ಬರದ, ತನ್ನ ಕೈಲೇ. ಆ ಖೋಲ್ಯಾಗ ಕೂಡೂದು ನಮ್ಮ ಓಣಿ ಮಕ್ಕಳ್ರಿ. ಅವನ ಅಕ್ಕನ ಮಗಳು ಪ್ರಣಿತಾ ಅಲ್ಲೇ ನಾಕನೇತ್ತ. ಇವನೂ ಅದೇ ಖೋಲ್ಯಾಗ ಅಕ್ಷರ ಕಲ್ತಾಂವ. ಕೊಡ್ಲಿ ಕಾವು ಕುಲಕ್ಕ ಮೃತ್ಯು ಅಂತಾರಲ್ಲ... ನನಗ ಇವತ್ತಿಗೂ ಸಿಟ್ಟದ ಅವನ ಮ್ಯಾಲ. ಬರದು, ಹುಮನಾಬಾದಿಗಿ ಹೋಗಿ ಛಾಪಿಸಿಕೊಂಡು, ಅದನ್ನೇ ಬಗಲಾಗ ಹಿಡಕೊಂಡು ಬರಾಕತ್ತಿದ್ದ.

ಬಾಂವಿ ಹತ್ತರ ಬಂದ. ಗಾಳಿ ಇಲ್ಲ. ನಾಯಿ ಸೈತ ಬೊಗಳವಲ್ದು.

ಟಕ್... ಸರ್ರ್... ಟಕ್.

ನಿಂತ. ಬಾಂವ್ಯಾಗಿಂದಲ್ಲ. ನೆಲದ ಮ್ಯಾಲಿಂದ. ಒಣ ಕಟಗಿ ಕಲ್ಲಿಗಿ ಬಡದಂಗ, ಮುಂದ ಜರದಂಗ, ಮತ್ತ ಬಡದಂಗ.

ಟಕ್... ಸರ್ರ್... ಟಕ್.

ಆ ಸಪ್ಪಳ ಅವನಿಗಿ ಗೊತ್ತಿತ್ತು. ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತದ. ಜ್ಞಾನೇಶ್ವರ ಮಾಸ್ತರ್ ಹಳೇ ಖೋಲ್ಯಾಗ ಮೂವತ್ತು ವರ್ಷ ಕಲಿಸಿದವರು. ಲೆಕ್ಕ ಕಲಸೂದು ಖೋಲ್ಯಾಗಲ್ಲ, ಬಯಲಾಗ. ಕಟಗಿ ಮೀಟರ್ ಪಟ್ಟಿ ನೆಲಕ್ಕ ಇಟಗೋತ, ಸರಸಕೋತ, ಬಾಗಿಕೊಂಡೇ ನಡೀತಿದ್ರು. ಮಕ್ಕಳು ಹಿಂದ ಹಿಂದ ಎಣಸಕೋತ ಹೋಗಬೇಕು. ಎರಡು ವರ್ಷದ ಹಿಂದ ಅದೇ ಖೋಲ್ಯಾಗ, ಕುರ್ಚಿ ಮ್ಯಾಲೇ ಜೀವ ಬಿಟ್ರು. ಅವರ ಜಾಗಾಕ್ಕ ಇನ್ನೂ ಯಾರನ್ನೂ ಹಾಕಿಲ್ಲ.

"ಎಂಬತ್ತೊಂಬತ್ತು..."

ಮುದಿ ದನಿ. ಕೆಮ್ಮು ತಡಕೊಂಡು ಎಣಿಸಿದಂಗ. ಮಂದಿ ಯಾರೂ ಕಾಣವಲ್ರು. ಒಣ ಹುಲ್ಲು ಮಾತ್ರ ಚರ್... ಚರ್... ಅಂತ ಕಾಲಾಗ ತುಳದಂಗ ಬಾಗಾಕತ್ತಿತ್ತು.

"ತೊಂಬತ್ತು..." ಟಕ್. "ತೊಂಬತ್ತೊಂದು..." ಸರ್ರ್...

ಸಂಘರತ್ನ ಬಗಲಾಗಿನ ಕಾಗದ ಬಿಗಿ ಹಿಡಕೊಂಡ.

"ತೊಂಬತ್ತ್ಮೂರು... ತೊಂಬತ್ತ್ನಾಕು."

ಠಣ್. ಪಟ್ಟಿ ಖೋಲಿ ಹೊಸ್ತಲ ಕಲ್ಲಿಗಿ ಬಡೀತು. ಆಮ್ಯಾಲ ಕಿವಿ ಹತ್ತರ, ಪಿಸಪಿಸ.

"ಸಂಘರತ್ನಾ... ಎಷ್ಟಾತೋ?"

ಮಾಸ್ತರ್ ಕೇಳಿದ್ರ ಬಾಯಿ ತಾನೇ ತೆರೀತದ್ರಿ, ರೂಢಿ. ಅಂದ, "ತೊಂಬತ್ತ್ನಾಕ್ರಿ ಸರ್."

"ನೀ ಬರದಿದ್ದೆಷ್ಟು?"

ಸಂಘರತ್ನ ಕಾಗದ ಬೆನ್ನ ಹಿಂದ ಮಾಡಿದ. ಎರಡನೇ ಸಲ ಕೇಳಿದ್ರು. ಸಿಟ್ಟಿಲೆ ಅಲ್ಲ... ಇನ್ನೂ ಮೆತ್ತಗ ಕೇಳಿದ್ರಂತ. ಅದನ್ನ ತಡಕೊಳ್ಳಾಕ ಆಗದ ಓಡಿದ. ಮನಿ ಮುಟ್ಟಿದಾಗ ಒಂದು ಚಪ್ಪಲ್ ಕಾಲಾಗಿದ್ದಿಲ್ಲ. ರೊಟ್ಟಿ ಮುಟ್ಟಲಿಲ್ಲ, ರಾತ್ರಿಯೆಲ್ಲಾ ದೀಪ ಹಚ್ಚಿಕೊಂಡೇ ಕುಂತ.

ಮುಂಜಾನಿ ಅಂಬರೀಷ ಸರ್ ನಕ್ಷಾ ಒಯ್ಯಾಕ ಬಂದ್ರು. ಅವತ್ತೇ ಬಸವಕಲ್ಯಾಣದಾಗ ಕೊಡಬೇಕಿತ್ತು. ಸಂಘರತ್ನ ಕೈಯಾಗ ಪೆನ್ನು ಹಿಡಕೊಂಡೇ ನಿಂತಿದ್ದ.

"ಸರ್, ತಪ್ಪ ಬರದೀನ್ರಿ. ತಿದ್ದಿ ಕೊಡ್ತೀನಿ."

"ಜೂನಿನ್ಯಾಗ ನಿನ್ನ ಹುಕುಂ ಮ್ಯಾಲ ಸಹಿ ಮಾಡಾವ ಯಾರೋ?"

"...ನೀವೇರಿ."

"ಮತ್ತ? ತಾ ಇಲ್ಲಿ."

ಕೊಟ್ಟ. ತಿದ್ದದೇ ಕೊಟ್ಟ. ಸತ್ತವರ ಅಂಜಿಕಿ ಒಂದು ರಾತ್ರಿದು, ಇದ್ದವರ ಅಂಜಿಕಿ ವರ್ಷಾನುಗಟ್ಲೆ. ನಮ್ಮಂಥವರ ಹೊಟ್ಟಿಪಾಡು ಹಂಗದ, ಬಿಡ್ರಿ.

ವೈರ್ ಬಂತು. ಎಲ್ಲಾ ಖೋಲಿಗಿ ಎಳದ್ರು. ಹಳೇ ಖೋಲಿ ಕಂಪ್ಯೂಟರ್ ಅಂಬರೀಷ ಸರ್ ಮೇಜಿನ ಮ್ಯಾಲ ಕುಂತು ಇಸ್ಪೀಟ್ ಎಲಿ ಆಟ ಆಡಾಕತ್ತು.

ಮುಂದ ಸಂಕ್ರಾಂತಿ ಆದ ಮ್ಯಾಲ ಟ್ರಸ್ಟಿನ ಸಾಹೇಬರು ನೋಡಾಕ ಬಂದ್ರು. ಫೋಟೋಕ್ಕ ಮಕ್ಕಳು ತುಂಬಾ ಕಾಣಬೇಕಲ್ಲ, ಹಳೇ ಖೋಲಿ ಮಕ್ಕಳನ್ನೂ ಕರಸಿ ಕಂಪ್ಯೂಟರ್ ಮುಂದ ಕೂಡಿಸಿದ್ರು. ಆ ಕೂಸುಗಳು ಅದನ್ನ ಮುಟ್ಟಿದ್ದು ಅವತ್ತೇ ಮೊದಲ. ಪ್ರಣಿತಾ ಕುಂತ್ಲು. ಹತ್ತೂ ಬೆರಳು ಕೀಲಿಮಣಿ ಮ್ಯಾಲ ಇಟ್ಲು. ಟಕಟಕಟಕ... ಕೆಳಗ ನೋಡದ, ತನ್ನ ಹೆಸರು, ಅಪ್ಪನ ಹೆಸರು, ಊರು, ತಾಲೂಕು, ಎಲ್ಲಾ ಕನ್ನಡದಾಗ ಹೊಡದ್ಲು. ಒಂದು ಅಕ್ಷರ ತಪ್ಪಲಿಲ್ಲ. ಆಕಿ ಎದ್ದ ಮ್ಯಾಲ ಕುಂತ ಕೂಸೂ ಹಂಗೇ. ಅದರ ಮುಂದಿಂದೂ ಹಂಗೇ.

ಸಾಹೇಬರು ಬೆರಗಾಗಿ ಕೇಳಿದ್ರು, "ಯಾರು ಕಲಿಸಿದ್ದಮ್ಮ?"

"ಖೋಲ್ಯಾಗೇ ಕಲ್ತೀವ್ರಿ," ಅಂದ್ಲು ಪ್ರಣಿತಾ.

ಸಂಘರತ್ನ ಮುಂದ ಬಂದ. ಈಗರೇ ಆ ಖೋಲಿಗಿ ವೈರ್ ಕೇಳೋಣಂತ ಬಾಯಿ ತೆರೀಬೇಕು, ಅಷ್ಟರಾಗ ಅಂಬರೀಷ ಸರ್ ನಕ್ಕೋತ ಅಂದ್ರು, "ನೋಡಿದ್ರಿ ಸಾಹೇಬ್ರ? ವೈರ್ ಇಲ್ಲದೇ ಇಷ್ಟು ಕಲ್ತಾವ. ಅಲ್ಲಿಗಿ ವೈರ್ ಬೇಕಂತೀರಿ?"

ಸಾಹೇಬರು ಹೌದೌದಂದು ಅದನ್ನೇ ಬರಕೊಂಡ್ರು. ಮುಗೀತು. ಸತ್ತಾಂವ ಬಂದು ಮಾಡಿದ ಪುಣ್ಯಾನೂ ಇದ್ದಾಂವ ತನ್ನ ಲೆಕ್ಕಕ್ಕ ಹಾಕ್ಕೊಂಡ.

ಅವತ್ತು ಸಂಜಿಕಿ ಸಂಘರತ್ನ ಹಳೇ ಖೋಲಿಗಿ ಹೋದ. ಅವತ್ತು ನಾನೂ ಸಂಗಾಟ ಇದ್ದೆ. ಕಸಾ ಹೊಡ್ಯಾಕಿ ಸರುಬಾಯಿ ಬಕೀಟಿನ್ಯಾಗ ನೀರ ತಂದು ನೆಲಾ ತಿಕ್ಕಬೇಕಂತ ನಿಂತಿದ್ಲು. ನೆಲದ ತುಂಬಾ ಸುಣ್ಣದ ಕಡ್ಡೀಲೆ ಬರದ ಕೀಲಿಮಣಿ. ಮಕ್ಕಳು ಕೂಡೂ ಜಾಗಾಕ್ಕ ಒಂದೊಂದು. ಸಣ್ಣ ಸಣ್ಣ ಚೌಕದಾಗ ಅಕ್ಷರ, ಗೆರಿ ಎಲ್ಲಾ ಪಟ್ಟಿ ಹಿಡದು ಎಳದಂಗ ನೆಟ್ಟಗ.

"ಇವನ್ನ ಯಾರ ಬರೀತಾರ, ಆಯಿ?" ಸಂಘರತ್ನ ಕೇಳಿದ.

"ನನಗೇನು ಗೊತ್ತೋ ಯಪ್ಪಾ. ದಿನಾ ಸಂಜಿಕಿ ನೀರ ಹಾಕಿ ತಿಕ್ತೀನಿ. ಕೀಲಿ ಹಾಕ್ತೀನಿ. ಮುಂಜಾನಿ ಕೀಲಿ ತಗದ್ರ... ಇರ್ತಾವ."

ಸುಳ್ಳ ಅನಸಿದ್ರ ಬಿಡ್ರಿ, ಬಲವಂತ ಏನಿಲ್ಲ. ಆದ್ರ ನಾ ಅಲ್ಲೇ ನಿಂತು ಒಂದೊಂದಾಗಿ ಎಣಿಸೀನಿ, ಸಂಘರತ್ನನೂ ಎಣಿಸ್ಯಾನ. ಆ ಖೋಲ್ಯಾಗ ಮಕ್ಕಳು ಇಪ್ಪತ್ತೆರಡು. ನೆಲದ ಮ್ಯಾಲ ಇಪ್ಪತ್ತ್ಮೂರು ಇದ್ವು. ಹಿಂದ, ಗ್ವಾಡಿಗಿ ಹೊಂದಿ, ಸಂಘರತ್ನ ಸಣ್ಣಾಂವಿದ್ದಾಗ ಕೂಡ್ತಿದ್ದ ಜಾಗಾದಾಗ ಇದ್ದ ಕಡೀದು ದೊಡ್ಡವರ ಕೈ ಅಳತೀದು.